ನನ್ನ ಮುಖಕ್ಕೆ ಅಪ್ಪನ ಮೀಸೆ

ಹುಣಸೆಬೀಜ ಬೇಯಿಸಿ ಮಾಡುವ ಅಂಟಿಗೆ ಅದರದ್ದೇ ಒಂದು ವಾಸನೆಯಿದೆ. ಹುಳಿಯೂ ಅಲ್ಲ, ಸುಟ್ಟದ್ದೂ ಅಲ್ಲ, ಎರಡರ ನಡುವಿನದು. ಕಳೆದ ತಿಂಗಳು ಮೊಮ್ಮಗಳ ಮದುವೆಗೆ ಬಾಸಿಂಗ ತರೋಣವೆಂದು ಸಾಗರದ ನಮ್ಮ ಹಳೆಯ ಕೇರಿಗೆ ಹೋಗಿದ್ದೆ. ಅಂಗಡಿಯ ಹಿಂದುಗಡೆ ಯಾರೋ ಆ ಅಂಟು ಕಾಯಿಸುತ್ತಿದ್ದರು. ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಬಾಸಿಂಗವನ್ನು ಹಾಗೇ ಇಟ್ಟು ಹೊರಗೆ ಬಂದುಬಿಟ್ಟೆ. "ಎಂತ ಆಯ್ತು ಅಜ್ಜಿ, ತಲೆ ತಿರುಗ್ತಾ?" ಎಂದು ಮೊಮ್ಮಗಳು ಹಿಂದೆಯೇ ಓಡಿ ಬಂದಳು. ತಲೆ ತಿರುಗಿರಲಿಲ್ಲ. ನಾನು ಹದಿನೇಳರ ಹುಡುಗಿಯಾಗಿದ್ದಾಗಿನ ಒಂದು ಭಾದ್ರಪದ ಮಾಸ ಎದುರಿಗೆ ಬಂದು ನಿಂತಿತ್ತು. ಆ ತಿಂಗಳು ನಾನು ಮೊದಲ ಸಲ ನನ್ನ ಮುಖವನ್ನು ನಾನೇ ಬರೆದೆ. ನಾನು ಬರೆದು ಮುಗಿಸುವುದನ್ನೇ ಮನೆಯವರೆಲ್ಲ ಕಾಯುತ್ತಿದ್ದರು, ನನ್ನ ಅಮ್ಮನ ಬಳೆ ಒಡೆಯಲಿಕ್ಕೆ.

ನಮ್ಮದು ಗುಡಿಗಾರರ ಮನೆ. ಗಂಡಸರು ಗಂಧದ ಮರದಲ್ಲಿ ದೇವರನ್ನು ಕೆತ್ತುತ್ತಿದ್ದರು, ಮರದ ಮೂರ್ತಿಗಳಿಗೆ ಬಣ್ಣ ಕೊಡುತ್ತಿದ್ದರು. ಹೆಂಗಸರದ್ದು ಬೆಂಡಿನ ಕೆಲಸ. ಕೆರೆಯಲ್ಲಿ ಬೆಳೆಯುವ ಬೆಂಡಿನ ಕಡ್ಡಿಯನ್ನು ಒಣಗಿಸಿ, ಕಾಗದದಷ್ಟು ತೆಳ್ಳಗೆ ಸೀಳಿ, ಅದರಿಂದ ಮದುಮಕ್ಕಳ ಹಣೆಗೆ ಕಟ್ಟುವ ಬಾಸಿಂಗ ಮಾಡುವುದು. ಆ ಕೆಲಸದಲ್ಲಿ ಅಮ್ಮನನ್ನು ಮೀರಿಸಿದವರು ಇರಲಿಲ್ಲ. ಹೊಸನಗರ, ತೀರ್ಥಹಳ್ಳಿ ಕಡೆಯಿಂದಲೂ ಮದುವೆಮನೆಯವರು ಬಂದು "ನಿಮ್ಮ ಕೈಯದ್ದೇ ಆಗ್ಬೇಕು ಅಮ್ಮಾ" ಎಂದು ಹಟ ಹಿಡಿದು ಕೂರುತ್ತಿದ್ದರು. ಆದರೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಬಾಸಿಂಗದ ಬೆಂಡನ್ನು ಮುತ್ತೈದೆ ಅಥವಾ ಕನ್ಯೆ ಮಾತ್ರ ಮುಟ್ಟಬೇಕು. ಗಂಡ ಸತ್ತವಳ ನೆರಳೂ ಅದರ ಮೇಲೆ ಬೀಳಬಾರದು. ಅಮ್ಮನಿಗೆ ಆ ಕೆಲಸ ಬಿಟ್ಟರೆ ಬೇರೆ ಲೋಕವೇ ಇರಲಿಲ್ಲ.

ಅಪ್ಪ ಬದುಕಿದ್ದಾರೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ನಾನು ಐದು ವರ್ಷದವಳಿದ್ದಾಗ ಅವರು ತೀರ್ಥಹಳ್ಳಿ ಸೀಮೆಯ ಅರಳಸುರಳಿಗೆ, ಒಬ್ಬ ಸಾಹುಕಾರರ ಮನೆಯ ಬಾಗಿಲವಾಡಕ್ಕೆ ಕೆತ್ತನೆ ಮಾಡಲು ಹೋದರು. ಕೆಲಸ ಮುಗಿಸಿ ಆಷಾಢದಲ್ಲಿ ಅಲ್ಲಿಂದ ಹೊರಟದ್ದು ನಿಜ. ಮನೆಗೆ ಬರಲಿಲ್ಲ. ಹೊಳೆ ದಾಟುವಾಗ ಹೋದರು ಎಂದರು ಕೆಲವರು. ಹುಲಿ ಹೊತ್ತುಕೊಂಡು ಹೋಯಿತು ಎಂದರು ಕೆಲವರು. ರಿಪ್ಪನ್‌ಪೇಟೆಯ ಸಂತೆಯಲ್ಲಿ ಕಂಡೆ, ಪಕ್ಕದಲ್ಲಿ ಒಬ್ಬಳು ಇದ್ದಳು ಎಂದು ಬಂದು ಹೇಳಿದ ಪುಣ್ಯಾತ್ಮರೂ ಇದ್ದರು! ಅಮ್ಮ ಮೂರನ್ನೂ ತಲೆ ಎತ್ತದೆ ಕೇಳಿಸಿಕೊಂಡು ಬೆಂಡು ಸೀಳುತ್ತಿದ್ದಳು. ಬೆಳಿಗ್ಗೆ ಎದ್ದು ಹಣೆಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಅಪ್ಪನದು ಒಂದು ಫೋಟೋ ಕೂಡ ಇರಲಿಲ್ಲ. ಇದ್ದದ್ದು ನನ್ನ ಮುಖ ಒಂದೇ. ಹಾದಿಯಲ್ಲಿ ಸಿಕ್ಕವರೆಲ್ಲ ಗದ್ದ ಹಿಡಿದು "ಥೇಟ್ ಅಪ್ಪನೇ ಮಾರಾಯ್ತಿ, ಮೀಸೆ ಒಂದಿಲ್ಲ" ಎಂದು ನಗುತ್ತಿದ್ದರು. ಹುಡುಗಿಗೆ ಹೇಳುವ ಮಾತೇ ಅದು? ಆದರೆ ನಿಜವಾಗಿತ್ತು.

ಆ ವರ್ಷ ಮನೆಯಲ್ಲಿ ಒಂದರ ಹಿಂದೆ ಒಂದು ಕೇಡು. ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಮನೆಯ ಯಜಮಾನರು. ಅವರ ಮೊಮ್ಮಗು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಕರು ಹಾಕಿದ ಹಸು ಕರುವಿನ ಮೈ ನೆಕ್ಕುತ್ತಲೇ ಕುಸಿದು ಸತ್ತಿತು. ಮುಗಿಯಲು ಬಂದ ಗಂಧದ ಲಕ್ಷ್ಮಿಯ ಮುಖ ಯಾರೂ ಮುಟ್ಟದೆ ಹಣೆಯಿಂದ ಗದ್ದದವರೆಗೆ ಸೀಳಿಕೊಂಡಿತು. ಕೇರಿಯಲ್ಲಿ ಚಳಿಜ್ವರ ಮನೆಮನೆಗೆ ಹೊಕ್ಕಿತ್ತು. ದೊಡ್ಡಪ್ಪ ಹೊಸನಗರದ ಕಡೆ ಪ್ರಶ್ನೆ ನೋಡುವವರೊಬ್ಬರ ಹತ್ತಿರ ಹೋಗಿ ಬಂದರು. ಬಂದವರು ಕಾಲೂ ತೊಳೆಯದೆ ಜಗಲಿಯ ಮೇಲೆ ಕೂತರು.

"ಗತಿ ಕಾಣದ ಜೀವ ಒಂದಿದ್ಯಂತೆ," ಎಂದರು. "ನಮ್ಮ ಹೊಸ್ತಿಲ ಹೊರಗೇ ನಿಂತಿದ್ಯಂತೆ. ಒಳಗೆ ಬರೂಕೂ ಆಗ್ದೆ, ಹೋಗೂಕೂ ಆಗ್ದೆ."

ಅಷ್ಟು ಕೇಳಿದ ಮೇಲೆ ಮುಸ್ಸಂಜೆಯಲ್ಲಿ ಹೊಸ್ತಿಲು ದಾಟುವಾಗ ನನಗೆ ಬೆನ್ನಲ್ಲಿ ಚಳಿ ಹುಟ್ಟುತ್ತಿತ್ತು. ನನಗೊಬ್ಬಳಿಗೇ ಅಲ್ಲ, ಎಲ್ಲರೂ ಆ ಹೊಸ್ತಿಲನ್ನು ಬಿರಬಿರನೆ ದಾಟಲು ಶುರುಮಾಡಿದ್ದರು.

ಹನ್ನೆರಡು ವರ್ಷ ಸುದ್ದಿಯಿಲ್ಲದವರಿಗೆ ಏನು ಮಾಡಬೇಕೆಂಬುದು ಎಲ್ಲರಿಗೂ ತಿಳಿದದ್ದೇ. ದರ್ಭೆ, ಮುತ್ತುಗದ ಎಲೆ ಸೇರಿಸಿ ಒಂದು ಬೊಂಬೆ ಮಾಡಬೇಕು, ಅದಕ್ಕೆ ಅವರ ಹೆಸರು ಹೇಳಿ ಸುಡಬೇಕು, ಆಮೇಲಿನ ಕಾರ್ಯವನ್ನೆಲ್ಲ ಸತ್ತವರಿಗೆ ಮಾಡುವ ಹಾಗೆಯೇ ಮಾಡಬೇಕು. ಮಹಾಲಯ ಅಮಾವಾಸ್ಯೆಯ ಒಳಗೆ ತೀರ್ಥಹಳ್ಳಿಯಲ್ಲಿ ತುಂಗೆಯ ದಡದ ಮೇಲೆ ಇದನ್ನು ಮುಗಿಸುವುದೆಂದು ದೊಡ್ಡಪ್ಪ ನಿಶ್ಚಯ ಮಾಡಿದರು. ದೊಡ್ಡಪ್ಪ ಕೆಟ್ಟವರಲ್ಲ. ತಮ್ಮನ ಮಗಳೆಂದು ನನಗೆ ಎಂದೂ ಕಡಿಮೆ ಮಾಡಿದವರಲ್ಲ. ಹೆದರಿಬಿಟ್ಟಿದ್ದರು, ಅಷ್ಟೆ.

ಅಮ್ಮನನ್ನು ಕರೆಸಿದರು. ಅವಳು ಬಂದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಸೆರಗಿಗೆ ಬೆಂಡಿನ ಚೂರು ಅಂಟಿಕೊಂಡಿತ್ತು.

"ನಿಮ್ಗೆ ಎದುರು ಮಾತಾಡಲ್ಲ ಭಾವಯ್ಯ," ಎಂದಳು. "ಆದ್ರೆ ಒಂದು ಕೇಳ್ತೀನಿ. ನಂಗೆ ಅವ್ರ ಮುಖ ಮರ್ತು ಹೋಗ್ತಾ ಇದೆ. ಮುಖ ಇಲ್ದೆ ಯಾರಿಗೆ ಅಂತ ಬಳೆ ಒಡೀಲಿ? ಒಂದ್ಸಲ ಅವ್ರ ಮುಖ ತೋರ್ಸಿ. ನೋಡಿ, 'ಹೌದು, ಇವ್ರೇ' ಅಂತ ನನ್ನ ಬಾಯಲ್ಲಿ ಬಂದ ದಿನ ನೀವು ಹೇಳ್ದಲ್ಲಿ ಬಂದು ಕೂತ್ಕೊಳ್ತೀನಿ."

"ಎಲ್ಲಿಂದ ತೋರ್ಸಲಿ ಮಾರಾಯ್ತಿ? ಫೋಟೋ ಇದ್ಯಾ?"

"ದೇವ್ರ ಮುಖ ತೋರ್ಸ್ತೀರಲ್ಲ ಭಾವಯ್ಯ ಲೋಕಕ್ಕೆಲ್ಲ. ತಮ್ಮನ ಮುಖ ಬರಲ್ವಾ?"

ಹಾಗೆಂದು ಒಳಗೆ ಹೋದಳು. ದೊಡ್ಡಪ್ಪನಿಗೆ ಮಾತು ನಾಟಿತು. ಮರುದಿನವೇ ಹಲಸಿನ ಹಲಗೆಯೊಂದನ್ನು ಉಜ್ಜಿ, ಹುಣಸೆ ಅಂಟಿಗೆ ಸೀಮೆಸುಣ್ಣ ಕಲಸಿ ಬಳಿದು, ಕುಂಚ ಹಿಡಿದು ಕೂತರು. ಎಂಥ ಕೈ ಅವರದು! ಆದರೆ ಆ ಕೈಗೆ ಲೆಕ್ಕದ ಮುಖ ಮಾತ್ರ ಗೊತ್ತಿತ್ತು. ನಮ್ಮ ಕಸುಬಿನಲ್ಲಿ ದೇವರ ಮುಖಕ್ಕೆ ದಾರ ಹಿಡಿದು ಅಳತೆಯಿದೆ. ಹಣೆ ಇಷ್ಟು, ಹಣೆಯಷ್ಟೇ ಮೂಗು, ಮೂಗಿನಷ್ಟೇ ಗದ್ದದವರೆಗೆ, ಕಣ್ಣು ಮೀನಿನ ಹಾಗೆ. ಅಳತೆ ತಪ್ಪಿದ ಮುಖ ಮಾಡಿದವನ ಮನೆಗೆ ಕೇಡು ಎಂದು ಕುಂಚ ಹಿಡಿಸುವ ದಿನವೇ ಹೇಳಿ ಹೆದರಿಸುತ್ತಿದ್ದರು. ದೊಡ್ಡಪ್ಪ ತಮ್ಮನನ್ನು ಬರೆಯಲು ಹೋದರೆ ರಾಮ ಬಂದ. ಅಳಿಸಿ ಬರೆದರೆ ಮೀಸೆಯಿದ್ದ ರಾಮ ಬಂದ. ಮೂರನೆಯ ಸಲ ಕುಂಚ ಕೆಳಗಿಟ್ಟು, "ನನ್ನ ತಮ್ಮನ ಮುಖ ನಂಗೇ ಬರ್ತಿಲ್ವಲ್ರೋ," ಎಂದು ಅತ್ತುಬಿಟ್ಟರು. ಗಂಡಸು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಅಳು ನಿಲ್ಲಿಸಿ ತಲೆ ಎತ್ತಿದಾಗ ಅವರ ಕಣ್ಣು ಬಿದ್ದದ್ದು ನನ್ನ ಮೇಲೆ.

"ಗಿರ್ಜಾ, ಇಲ್ಲಿ ಬಾ. ಬೆಳಕಿಗೆ ನಿಲ್ಲು."

ನಿಂತೆ. ಬಹಳ ಹೊತ್ತು ನೋಡಿದರು.

"ನನ್ನ ಕೈ ಕೆಟ್ಟಿದೆ. ಅಳತೆ ಬಿಟ್ಟು ಹೋಗಲ್ಲ. ನಿಂಗೆ ಇನ್ನೂ ಯಾರೂ ಅಳತೆ ಸರಿಯಾಗಿ ಕಲ್ಸಿಲ್ಲ. ಕನ್ನಡಿ ಇಟ್ಕೊಂಡು ನಿನ್ನ ಮುಖ ಬರಿ. ವಯಸ್ಸು, ಮೀಸೆ ಎಲ್ಲಾ ಆಮೇಲೆ ನಾನು ಹೇಳ್ತಾ ಹೋಗ್ತೀನಿ."

"ನಂಗೆ ಬರಲ್ಲ ದೊಡ್ಡಪ್ಪ," ಎಂದೆ. ಬಾಯಿ ಹಾಗೆ ಹೇಳಿತು. ಹೊಟ್ಟೆಯೊಳಗೆ ಮಾತ್ರ ಕುಣಿತ! ಅಲ್ಲಿಯವರೆಗೆ ನಾನು ಬಣ್ಣ ಅರೆದದ್ದುಂಟು, ಕುಂಕುಮದ ಭರಣಿಗಳಿಗೆ ಬಳ್ಳಿ ಬರೆದದ್ದುಂಟು. ಮುಖ ಬರೆಯಲು ನಮ್ಮ ಮನೆಯ ಹೆಣ್ಣಿಗೆ ಯಾರೂ ಕುಂಚ ಕೊಟ್ಟಿರಲಿಲ್ಲ. ಅಮ್ಮನನ್ನು ನೋಡಿದೆ. ಅವಳು ಬೆಂಡಿನ ಕತ್ತಿಗೆ ಎಣ್ಣೆ ಒರೆಸುತ್ತ, "ಬರಿ. ಬಂದ್ರೆ ಬರ್ಲಿ," ಎಂದಳು. ನನಗೆ ಬರುವುದಿಲ್ಲ ಎಂದು ಅವಳು ನಂಬಿಕೊಂಡಿದ್ದಳು ಅಂತ ಈಗ ಅನಿಸುತ್ತದೆ.

ಕನ್ನಡಿ ಕೊಟ್ಟವರು ಎದುರುಮನೆಯ ಪದ್ಮಾವತಮ್ಮ. ಜೈನರು, ಅವರ ಯಜಮಾನರಿಗೆ ಪೇಟೆಯಲ್ಲಿ ಬಟ್ಟೆ ಅಂಗಡಿ ಇತ್ತು. ಅವರ ಮದುವೆಯಲ್ಲಿ ಬಂದ ದಪ್ಪ ಚೌಕಟ್ಟಿನ ಕನ್ನಡಿ. "ನೋಡೇ, ಒಡೆದ್ಯೋ ನಿನ್ನ ಚರ್ಮ ಸುಲೀತೀನಿ," ಎಂದು ಹೇಳಿ ತಾವೇ ಹೊತ್ತು ತಂದು ಕಿಟಕಿಯ ಪಕ್ಕ ನಿಲ್ಲಿಸಿ ಹೋದರು. ಅಷ್ಟು ದೊಡ್ಡ ಕನ್ನಡಿಯಲ್ಲಿ ನಾನು ನನ್ನನ್ನು ಅದುವರೆಗೆ ನೋಡಿಕೊಂಡೇ ಇರಲಿಲ್ಲ. ತಲೆ ಬಾಚುವಾಗ ಬೈತಲೆ ನೋಡಿದ್ದೆ, ಹಣೆಗಿಡುವಾಗ ಹಣೆ ನೋಡಿದ್ದೆ. ಮುಖ ಪೂರ್ತಿಯಾಗಿ ಎದುರಿಗೆ ಬಂದು, ಬಿಟ್ಟ ಕಣ್ಣು ಬಿಟ್ಟಂತೆ ನನ್ನನ್ನೇ ನೋಡತೊಡಗಿದಾಗ ಒಂದು ಹೆಜ್ಜೆ ಹಿಂದೆ ಸರಿದೆ. ಯಾರೋ ಬೇರೆಯವರು ಎನಿಸಿತು. ಯಾರು ಎಂದು ಯೋಚಿಸಲು ಹೆದರಿಕೆಯಾಯಿತು.

ಎರಡು ದಿನ ಬಣ್ಣ ಅರೆಯುವುದರಲ್ಲೇ ಕಳೆದೆ. ಕೆಂಪಿಗೆ ಜಾಜು ಅರೆದೆ, ಹಳದಿಗೆ ಹರಿತಾಳ ಅರೆದೆ, ಕಪ್ಪಿಗೆ ದೀಪದ ಕಾಡಿಗೆ ಕೆರೆದೆ, ಸಾಕಾದಷ್ಟು ಆದಮೇಲೂ ಅರೆದೆ. ಹಲಗೆ ಬೆಳ್ಳಗೆ ಕೂತಿತ್ತು. ಅದರ ಮೇಲೆ ಮೊದಲ ಗೆರೆ ಎಳೆಯಲು ಧೈರ್ಯ ಸಾಲದು. "ಕಲ್ಲು ಸವೆದುಹೋಯ್ತು ಕಣೆ, ಕುಂಚ ಹಿಡಿ," ಎಂದು ದೊಡ್ಡಪ್ಪ ಗದರಿದ ಮೇಲೆ ಕಣ್ಣು ಮುಚ್ಚಿ ಒಂದು ಗೆರೆ ಎಳೆದೆ. ಕಣ್ಣು ತೆರೆದರೆ ಕಿವಿ ಇರಬೇಕಾದಲ್ಲಿ ಗೆರೆ ಇತ್ತು.

ಆಮೇಲೆ ಬಂದದ್ದು ನಾನಲ್ಲ, ಲಕ್ಷ್ಮಿ. ಚಿಕ್ಕಂದಿನಿಂದ ನೋಡಿದ ಮುಖಗಳೆಲ್ಲ ದೇವರದ್ದೇ ಅಲ್ಲವೇ? ಯಾರೂ ಕಲಿಸದಿದ್ದರೂ ಕೈಗೆ ಅಳತೆ ಹತ್ತಿಬಿಟ್ಟಿತ್ತು. ಮೀನಿನ ಕಣ್ಣು, ಎಳ್ಳಿನ ಹೂವಿನ ಮೂಗು. ಕನ್ನಡಿಯಲ್ಲಿ ಗಿರಿಜೆ, ಹಲಗೆಯ ಮೇಲೆ ಮಹಾಲಕ್ಷ್ಮಿ! ಪದ್ಮಾವತಮ್ಮ ಬಂದು ನೋಡಿ, "ಅಬ್ಬಬ್ಬಾ, ನಿಂಗೆ ನಿನ್ನ ಮೇಲೆ ಇಷ್ಟು ಪ್ರೀತಿ ಅಂತ ಗೊತ್ತಿರ್ಲಿಲ್ಲ," ಎಂದು ಹೊಟ್ಟೆ ಹಿಡಿದು ನಕ್ಕರು. ನಾನೂ ನಕ್ಕೆ, ಆಮೇಲೆ ಕೂತು ಅತ್ತೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಂಟಿನ ಬಣ್ಣ, ಒರೆಸಿದರೆ ಹೋಗುತ್ತದೆ.

ಅದಾದ ಮೇಲೆ ನಾನು ಮುಖ ಎಂದು ನೋಡುವುದನ್ನೇ ಬಿಟ್ಟೆ. ಬೆಂಡಿನ ಹೂವು ಮಾಡುವಾಗ ಒಂದೊಂದೇ ಎಸಳು ನೋಡುತ್ತೇವಲ್ಲ, ಹಾಗೆ ಒಂದು ತುಂಡು, ಆಮೇಲೆ ಇನ್ನೊಂದು ತುಂಡು. ಎಡಗಣ್ಣು ಬಲಗಣ್ಣಿಗಿಂತ ಸ್ವಲ್ಪ ಕೆಳಗಿತ್ತು. ಹುಬ್ಬು ಒಂದು ಕಡೆ ದಟ್ಟ, ಒಂದು ಕಡೆ ತೆಳು. ತುಟಿಯ ಒಂದು ತುದಿ ಯಾವಾಗಲೂ ಜಗಳಕ್ಕೆ ನಿಂತಂತೆ ಮೇಲೆದ್ದಿತ್ತು. ಇದೆಲ್ಲ ನನ್ನ ಮುಖದಲ್ಲಿತ್ತೇ? ದೊಡ್ಡಪ್ಪ ಹಿಂದೆ ನಿಂತು ನೋಡಿದರು. "ಕಣ್ಣು ಮೇಲೆ ಕೆಳಗೆ ಮಾಡ್ಬೇಡ್ವೇ, ಮನೆಗೆ ಕೇಡು," ಎಂದರು. ಮರುಕ್ಷಣ ತಾವೇ ಮೆತ್ತಗೆ, "ಅವಂದೂ ಹೀಗೇ ಇತ್ತು. ಬಿಡು, ಹಾಗೇ ಇರ್ಲಿ," ಎಂದರು.

ಮುಂದಿನ ದಿನಗಳಲ್ಲಿ ದೊಡ್ಡಪ್ಪ ಹೇಳುತ್ತ ಹೋದರು, ನಾನು ಬರೆಯುತ್ತ ಹೋದೆ. ಕೆನ್ನೆ ಒಳಗೆ ಹೋಯಿತು. ಹಣೆಗೆ ಗೆರೆ ಬಂತು. ಕಡೆಗೆ ಮೀಸೆ ಬಂತು. ನನ್ನ ಮುಖಕ್ಕೆ ನಾನೇ ಮೀಸೆ ಬರೆಯುವಾಗ ಮೊದಲು ನಗು ಬಂದಿತು. ಬರೆದು ಮುಗಿಸಿ ಹಿಂದೆ ಸರಿದರೆ ನಗು ನಿಂತುಹೋಯಿತು. ನಾನು ನೆನಪಿಟ್ಟುಕೊಳ್ಳಲಾರದ ಅಪ್ಪ ನನ್ನ ಕಣ್ಣಿನಿಂದಲೇ ನನ್ನನ್ನು ನೋಡುತ್ತಿದ್ದರು. ಮನೆಯ ಮಕ್ಕಳು ಆ ಕೋಣೆಗೆ ಬರುವುದನ್ನು ನಿಲ್ಲಿಸಿದರು.

ಅಮ್ಮನನ್ನು ಕರೆದರು. ಅವಳು ದೂರದಿಂದಲೇ ಒಂದು ಕ್ಷಣ ನೋಡಿದಳು.

"ಮೂಗು ಹೀಗಿರ್ಲಿಲ್ಲ," ಎಂದಳು.

ಒರೆಸಿದೆ, ಬೇರೆ ಮೂಗು ಬರೆದೆ. "ಕಿವಿ ಇಷ್ಟು ಹೊರಗಿರ್ಲಿಲ್ಲ." ಕಿವಿ ತಿದ್ದಿದೆ. "ಗದ್ದದಲ್ಲಿ ಒಂದು ಗುಳಿ ಇತ್ತು." ಗುಳಿ ಮಾಡಿದೆ. ವಾರ ಕಳೆಯಿತು, ಚೌತಿಯ ಗಣಪತಿ ಹೋಗಿ ಪಿತೃಪಕ್ಷ ಬಂತು. ದೊಡ್ಡಪ್ಪ ಬೊಂಬೆಗೆ ದರ್ಭೆ ತರಿಸಿ ಅಟ್ಟದ ಮೇಲೆ ಇಟ್ಟಿದ್ದರು. ಅದರ ಒಣ ವಾಸನೆ ಕೆಳಗಿನವರೆಗೆ ಬರುತ್ತಿತ್ತು. ನನಗೆ ಅದರ ಕಡೆ ಗಮನವೇ ಇಲ್ಲ. ನನ್ನ ಕೈಗೆ ಬಂದದ್ದು ಅಮ್ಮನ ಕಣ್ಣಿಗೆ ಒಪ್ಪುತ್ತಿಲ್ಲವಲ್ಲ ಎಂಬ ಒಂದೇ ಸಂಕಟ. ರೇಗಿ, "ಹಾಗಾದ್ರೆ ಹೇಗಿತ್ತು ಅಂತ ನೀನೇ ಸರಿಯಾಗಿ ಹೇಳಮ್ಮಾ!" ಎಂದು ಕೂಗಿದೆ. ಅವಳು "ಗದ್ದದಲ್ಲಿ ಗುಳಿ ಎಲ್ಲಿತ್ತು? ಇರ್ಲೇ ಇಲ್ವಲ್ಲ," ಎಂದಳು.

ನಾನು ಅವಳ ಮುಖ ನೋಡಿದೆ. ಅವಳು ಕಣ್ಣು ತಪ್ಪಿಸಿ ಬೆಂಡಿನ ಕಂತೆ ಎತ್ತಿಕೊಂಡು ಹೋದಳು.

ಅದರ ಮರುದಿನ ಮಧ್ಯಾಹ್ನ. ಊಟವಾಗಿ ಎಲ್ಲರೂ ಅಡ್ಡಾಗಿದ್ದರು. ಕುಂಚ ತೊಳೆದು ಹಿತ್ತಲಿನಿಂದ ಬಂದವಳು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟೆ. ಅಮ್ಮ ಚಿತ್ರದ ಎದುರಿಗೆ ನಿಂತಿದ್ದಳು. ಸೆರಗನ್ನು ಭುಜದ ತುಂಬ ಹೊದ್ದು, ಒಂದು ಕೈ ಕಂಬಕ್ಕೆ ಕೊಟ್ಟು, ಮನೆಗೆ ಬಂದ ಗಂಡನೆದುರು ಹೆಂಡತಿ ನಿಲ್ಲುವ ಹಾಗೆ ಸ್ವಲ್ಪ ಓರೆಯಾಗಿ.

"ಒಂದು ಮಾತು ಹೇಳಿ ಕಳ್ಸೂಕೆ ಆಗ್ಲಿಲ್ಲ ಅಲ್ಲಾ ನಿಮ್ಗೆ?" ಎನ್ನುತ್ತಿದ್ದಳು. "ಅರಳಸುರಳಿಯಿಂದ ಎಷ್ಟು ಜನ ಬರ್ತಾರೆ, ಹೋಗ್ತಾರೆ. ಒಬ್ರ ಕೈಲಿ ಹೇಳ್ಬಹುದಿತ್ತು."

ಆಗ ನನಗೆ ಹೊಳೆಯಿತು. ಚಿತ್ರ ಮೊದಲ ದಿನವೇ ಸರಿಯಾಗಿತ್ತು. ಮೂಗೂ ಸರಿ, ಕಿವಿಯೂ ಸರಿ. ಅವಳು 'ಹೌದು' ಎಂದರೆ ಮುಗಿಯಿತು, ಅದಕ್ಕೇ ದಿನಕ್ಕೊಂದು ಇಲ್ಲ ಹೇಳುತ್ತ ಅಮಾವಾಸ್ಯೆಯನ್ನು ದಾಟಿಸಲು ನೋಡುತ್ತಿದ್ದಳು. ನಾನೋ, ಪೆದ್ದಿ, ಅವಳ ಕುತ್ತಿಗೆಯ ಕರಿಮಣಿಗೆ ದಿನವೂ ನನ್ನ ಕೈಯಿಂದಲೇ ಕತ್ತರಿ ಹತ್ತಿರ ಹಿಡಿಯುತ್ತಿದ್ದೆ. ಹೋಗಿ ಹಲಗೆಯನ್ನು ಎತ್ತಿ ಒಡೆದುಹಾಕಿಬಿಡಲೇ ಎನಿಸಿತು. ನನ್ನ ಹೆಜ್ಜೆ ಕೇಳಿ ಅವಳು ತಿರುಗಿದಳು. ನಾನು ಕೇಳಿಸಿಕೊಂಡದ್ದು ಅವಳಿಗೆ ತಿಳಿಯಿತು.

"ಏನ್ ಮಾಡ್ಲಿ ಅಮ್ಮಾ?" ಎಂದೆ.

"ಮುಗಿಸ್ಬೇಡ," ಎಂದಳು. ಬಾಗಿಲವರೆಗೆ ಹೋದವಳು ನಿಂತು ಮತ್ತೆ, "ಕೆಡಿಸ್ಲೂ ಬೇಡ," ಎಂದಳು.

ಮುಗಿಸದೆಯೂ ಕೆಡಿಸದೆಯೂ ಎಷ್ಟು ದಿನ ಕುಂಚ ಆಡಿಸಲು ಸಾಧ್ಯ? ದೊಡ್ಡಪ್ಪನಿಗೆ ಅನುಮಾನ ಬಂತು. ಅಮಾವಾಸ್ಯೆ ಹತ್ತಿರ ಬಂದ ಒಂದು ಬೆಳಿಗ್ಗೆ ಭಟ್ಟರನ್ನೂ ಕೇರಿಯ ಹಿರಿಯರಿಬ್ಬರನ್ನೂ ಕರೆದು ಜಗಲಿಯ ಮೇಲೆ ಕೂರಿಸಿದರು. ಚಿತ್ರವನ್ನು ತಾವೇ ಹೊತ್ತು ತಂದು ಗೋಡೆಗೆ ಒರಗಿಸಿದರು. ಪಕ್ಕದಲ್ಲಿ ಬಾಳೆಲೆಯ ಮೇಲೆ ತುಂಬೆಯ ಹಾರ. ಆಮೇಲೆ ಒಳಕೋಣೆಗೆ ಹೋಗಿ ನನ್ನ ಅಜ್ಜಿಯನ್ನು, ತಮ್ಮ ತಾಯಿಯನ್ನು, ಮಗುವಿನಂತೆ ಎತ್ತಿಕೊಂಡು ಬಂದರು. ಅಜ್ಜಿಗೆ ಅರುಳು ಮರುಳು. ನಮ್ಮಲ್ಲಿ ಯಾರನ್ನೂ ಗುರುತು ಹಿಡಿಯುತ್ತಿರಲಿಲ್ಲ. ಊಟ ಕೊಟ್ಟ ಕೈಯನ್ನೇ 'ನೀ ಯಾರ ಪೈಕಿ' ಎಂದು ಕೇಳುತ್ತಿತ್ತು. ಅದನ್ನು ಚಿತ್ರದೆದುರು ಕೂರಿಸಿದರು.

ಅಜ್ಜಿ ಸುಮ್ಮನೆ ನೋಡಿತು. ಕಣ್ಣು ಚಿಕ್ಕದು ಮಾಡಿ ಇನ್ನೊಮ್ಮೆ ನೋಡಿತು. ಆಮೇಲೆ ಒಣಗಿದ ಕೈ ಚಾಚಿ ಚಿತ್ರದ ಕೆನ್ನೆ ಸವರಿತು.

"ಬಂದ್ಯಾ ಮಗಾ?" ಎಂದಿತು. "ಇಷ್ಟು ಸೊರಗಿದ್ಯಲ್ಲಾ. ಉಂಡ್ಯಾ?"

ಹಿರಿಯರಲ್ಲಿ ಒಬ್ಬರು ಎದ್ದು ಹೊಸ್ತಿಲಿನಿಂದ ದೂರ ಸರಿದು ಕೂತರು. ದೊಡ್ಡಪ್ಪನ ಕಣ್ಣಲ್ಲಿ ಧಾರೆ ಇಳಿಯುತ್ತಿತ್ತು.

"ಇನ್ನೆಂತ ಬೇಕು?" ಎಂದು ಅಮ್ಮನ ಕಡೆ ತಿರುಗಿದರು. "ಹೆತ್ತವ್ಳು ಗುರ್ತು ಹಿಡಿದ್ಲು. ಈಗ ನೀ ಹೇಳು. ಸುಳ್ಳು ಹೇಳ್ಬೇಡ, ಅವನ ಎದುರು ನಿಂತ್ಕೊಂಡು ಸುಳ್ಳು ಹೇಳ್ಬೇಡ."

ಅಮ್ಮನ ಬಾಯಿ ತೆರೆಯಿತು. ಹೌದು ಎನ್ನುವವಳಿದ್ದಳು. ಅಜ್ಜಿಯ ಆ ಮಾತು ಕೇಳಿದ ಮೇಲೆ ಇನ್ನೊಂದು ಸುಳ್ಳು ಅವಳ ಗಂಟಲಿನಿಂದ ಬರುವಂತಿರಲಿಲ್ಲ. ದೊಡ್ಡಪ್ಪ ಹಾರ ಎತ್ತಿಕೊಂಡರು.

ನನಗೆ ಎಲ್ಲಿಂದ ಧೈರ್ಯ ಬಂತೋ ಇಂದಿಗೂ ಗೊತ್ತಿಲ್ಲ. ಕುಂಚದ ಒದ್ದೆ ಬಟ್ಟೆ ಕೈಯಲ್ಲೇ ಇತ್ತು. ಹೋಗಿ ಒಂದೇ ಎಳೆತಕ್ಕೆ ಮೀಸೆ ಒರೆಸಿಬಿಟ್ಟೆ. ಹಣೆಯ ಗೆರೆ ಒರೆಸಿದೆ. ನನ್ನ ಹಣೆಯ ಕುಂಕುಮವನ್ನು ಬೆರಳಿಗೆ ಹತ್ತಿಸಿಕೊಂಡು ಚಿತ್ರದ ಹಣೆಗೆ ಒತ್ತಿದೆ. ನನ್ನ ಕಣ್ಣಿನ ಕಾಡಿಗೆಯಲ್ಲಿ ಮೂಗಿಗೆ ಮೂಗುತಿಯಂತೆ ಒಂದು ಬೊಟ್ಟು ಇಟ್ಟೆ. ಆಮೇಲೆ ಅದರ ಪಕ್ಕ ನನ್ನ ಮುಖ ಹಿಡಿದು 'ನೋಡಿ' ಎಂದೆ.

"ಇದು ನಾನು. ಮೊದ್ಲಿಂದ್ಲೂ ನಾನೇ. ಕನ್ನಡಿ ನೋಡಿ ಬರೆದಿದ್ದು. ಹಾರ ಹಾಕ್ತೀರಾ ದೊಡ್ಡಪ್ಪ? ಹಾಕಿ."

ದೊಡ್ಡಪ್ಪನ ಕೈ ಹಾರದ ಜೊತೆ ಗಾಳಿಯಲ್ಲೇ ನಿಂತಿತು. ಭಟ್ಟರು ಎದ್ದುನಿಂತರು. ಅವರ ಮುಖ ಬಿಳಿಚಿಕೊಂಡಿತ್ತು. "ಬದುಕಿರೋ ಹುಡ್ಗಿ ಮುಖ ಇಟ್ಕೊಂಡು ಹೋದವರ ಹೆಸ್ರು ಹೇಳಿದ್ವಲ್ಲಪ್ಪಾ! ಏನ್ ಕೆಲ್ಸ ಮಾಡಿದ್ರಿ! ನಾನಂತೂ ಇವತ್ತು ಸಂಕಲ್ಪ ಮಾಡ್ಸಲ್ಲ," ಎಂದು ಪಂಚೆ ಎತ್ತಿಕೊಂಡು ಇಳಿದೇ ಹೋದರು. ನಾನು ಗೆದ್ದೆ ಎಂದುಕೊಂಡೆ. ಅಮ್ಮನ ಕಡೆ ನೋಡಿ ನಕ್ಕೆ. ಅವಳು ನಗಲಿಲ್ಲ. ನನ್ನನ್ನೂ ಚಿತ್ರವನ್ನೂ ಒಂದಾದಮೇಲೆ ಒಂದು ನೋಡುತ್ತ, ತನ್ನ ಹೊಟ್ಟೆಯನ್ನು ಕೈಯಿಂದ ಹಿಡಿದುಕೊಂಡಿದ್ದಳು.

ಅದೇ ಸಂಜೆ ನನಗೆ ಚಳಿ ಹಿಡಿಯಿತು.

ಕಂಬಳಿಯ ಮೇಲೆ ಕಂಬಳಿ ಹೊದೆಸಿದರೂ ಹಲ್ಲು ಕಟಕಟ ಎನ್ನುತ್ತಿತ್ತು. ಆಮೇಲೆ ಮೈ ಬೆಂಕಿ. ಕೇರಿಯಲ್ಲಿ ಆ ಜ್ವರ ಬಾರದ ಮನೆಯೇ ಇರಲಿಲ್ಲ, ನನಗೆ ಬಂದರೆ ಏನು ಹೆಚ್ಚು? ಆದರೆ ಯಾರು ಹಾಗೆ ಯೋಚಿಸುತ್ತಾರೆ? ತಪ್ಪು ಮುಖಕ್ಕೆ ಹೆಸರು ಹಿಡಿದು ಕರೆದರು, ಹೊರಗೆ ನಿಂತಿದ್ದದ್ದು ಒಳಗೆ ಬಂತು ಎಂದು ಕೇರಿಯೆಲ್ಲ ಪಿಸುಗುಟ್ಟಿತು. ನನಗೆ ಆ ದಿನಗಳು ತುಂಡುತುಂಡಾಗಿ ಮಾತ್ರ ನೆನಪಿವೆ. ಹಾಸಿಗೆಯ ಕಾಲ ಬಳಿ ಆ ಕನ್ನಡಿ ಇತ್ತು, ಅದರಲ್ಲಿ ಮೀಸೆ ಒರೆಸಿದ ಗುರುತಿನ ಮುಖವೊಂದು ಮಲಗಿತ್ತು. "ಕನ್ನಡಿ ಮುಚ್ಚಿ, ಮುಚ್ಚಿ," ಎಂದು ಕೂಗುತ್ತಿದ್ದೆನಂತೆ. ಪದ್ಮಾವತಮ್ಮ ಕನ್ನಡಿಯನ್ನು ಯಾವತ್ತೋ ಹೊತ್ತುಕೊಂಡು ಹೋಗಿಯಾಗಿತ್ತಂತೆ.

ಜ್ವರ ನೆತ್ತಿಗೇರಿ ನಾನು ಅಮ್ಮನನ್ನೇ "ನೀ ಯಾರ ಪೈಕಿ?" ಎಂದು ಕೇಳಿದ ದಿನ ಅವಳು ಎದ್ದು ದೊಡ್ಡಪ್ಪನ ಹತ್ತಿರ ಹೋದಳಂತೆ. ಅವಳು ಆಡಿದ ಮಾತನ್ನು ನನಗೆ ಪದ್ಮಾವತಮ್ಮ ಆಮೇಲೆ ಹೇಳಿದರು.

"ನಡೀರಿ ಭಾವಯ್ಯ, ತೀರ್ಥಹಳ್ಳಿಗೆ. ಅದು ಅವ್ರದ್ದೇ ಮುಖ. ಮೊದ್ಲ ದಿನವೇ ಗೊತ್ತಾಗಿತ್ತು ನಂಗೆ. ನನ್ನ ಮಗಳ ಮುಖ ನಂಗೆ ವಾಪಸ್ ಕೊಡ್ಸಿ."

ಬೆಳಗಿನ ಬಸ್ಸಿಗೆ ಹೊರಟರು. ಹೊಸನಗರ, ರಿಪ್ಪನ್‌ಪೇಟೆ ದಾಟಿ ಹೋಗುವಷ್ಟು ಹೊತ್ತೂ ಅಮ್ಮ ಬಸ್ಸಿನಲ್ಲಿ ತನ್ನ ಬಳೆಗಳನ್ನು ಒಂದೊಂದಾಗಿ ತಿರುಗಿಸುತ್ತ ಕೂತಿದ್ದಳು, ಒಂದು ಮಾತಿಲ್ಲ ಎಂದು ದೊಡ್ಡಪ್ಪ ಎಷ್ಟೋ ವರ್ಷದ ಮೇಲೆ ಹೇಳಿದರು. ಹಲಗೆಯನ್ನೂ ಒಯ್ದಿದ್ದರು. ಬೊಂಬೆ ಸುಟ್ಟಾದ ಮೇಲೆ ಅದನ್ನು ತುಂಗೆಗೆ ಬಿಟ್ಟರಂತೆ. ಹಲಸಿನ ಮರ, ಮುಳುಗದೆ ಮುಖ ಮೇಲಾಗಿ ತೇಲಿಕೊಂಡು ಹೋಯಿತಂತೆ. ನನ್ನ ಮೊದಲ ಚಿತ್ರ ಹೋದದ್ದು ಹಾಗೆ. ಅಂಟಿನ ಬಣ್ಣ ನೀರಿನಲ್ಲಿ ನಿಲ್ಲುವುದಿಲ್ಲ. ಅಪ್ಪನದೋ ನನ್ನದೋ, ಮೊದಲ ತಿರುವಿನ ಒಳಗೇ ಕರಗಿರುತ್ತದೆ.

ನನಗೆ ಸರಿಯಾಗಿ ಎಚ್ಚರ ಬಂದಾಗ ಜ್ವರ ಬಿಟ್ಟಿತ್ತು. ಬಾಯಿ ಕಹಿ. ಗಂಜಿಯ ಬಟ್ಟಲು ಹಿಡಿದ ಕೈಯೊಂದು ಹತ್ತಿರ ಬಂತು, ಸದ್ದೇ ಇಲ್ಲದೆ ಬಂತು. ಅಮ್ಮನ ಕೈ ಹತ್ತಿರ ಬಂದರೆ ಮೊದಲು ಬಳೆ ಕೇಳಿಸುತ್ತಿತ್ತು. ತಲೆ ಎತ್ತಿ ನೋಡಿದೆ. ಬೋಳು ಹಣೆ, ಬೋಳು ಕುತ್ತಿಗೆ. ನನಗೆ ಅಳು ಬಂತು.

"ಅಳ್ಬೇಡ. ಜ್ವರ ಇಳೀತಲ್ಲ. ಗಂಜಿ ಕುಡಿ," ಎಂದಳು.

ಕಾರ್ಯ ಆಗಿದ್ದರಿಂದಲೇ ಹುಡುಗಿ ಉಳಿಯಿತು ಎಂದು ಎಲ್ಲರೂ ಹೇಳಿದರು. ದೊಡ್ಡಪ್ಪ ಸಿಕ್ಕಸಿಕ್ಕವರನ್ನು ಕರೆದು ಹೇಳಿದರು. ನಾನೂ ನಂಬಿದ್ದೆ, ಪದ್ಮಾವತಮ್ಮ ಒಂದು ದಿನ ಬಾಯಿ ತಪ್ಪಿ ಹೇಳುವವರೆಗೆ. ಬಸ್ಸು ಹೊರಟ ಆ ಬೆಳಿಗ್ಗೆಯೇ ಅವರ ಯಜಮಾನರು ಸರ್ಕಾರಿ ಆಸ್ಪತ್ರೆಯ ಕಂಪೌಂಡರನ್ನು ನಮ್ಮ ಮನೆಗೆ ಕಳಿಸಿದ್ದರು. ಅವರು ಕ್ವಿನೈನ್ ಕೊಟ್ಟು, ದಿನವೂ ಕುಡಿಸಿ ಎಂದು ಹೇಳಿ ಹೋಗಿದ್ದರು. ಪದ್ಮಾವತಮ್ಮನೇ ಮೂಗು ಹಿಡಿದು ಕುಡಿಸಿದ್ದರು. ನನ್ನ ಬಾಯಿಯ ಕಹಿ ಅದು. ಔಷಧಿಯಿಂದ ಇಳಿದ ಜ್ವರಕ್ಕೆ ಅಮ್ಮ ಬಳೆ ಒಡೆಸಿಕೊಂಡು ಬಂದಳಲ್ಲ! ಇದು ಅವಳಿಗೆ ಗೊತ್ತಾದರೆ ಎದೆ ಒಡೆದುಕೊಂಡಾಳು ಎಂದು ತಿಂಗಳುಗಟ್ಟಲೆ ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಮುಂದಿನ ವೈಶಾಖದಲ್ಲಿ ನನ್ನ ಮದುವೆ ಗೊತ್ತಾಯಿತು. ಅಪ್ಪ ಇದ್ದಾರೋ ಇಲ್ಲವೋ ಎಂದು ಕೇಳುವ ಬೀಗರು ಈಗ ಇರಲಿಲ್ಲ. ಬಾಸಿಂಗ ಆಗಬೇಕಿತ್ತು. ಅಮ್ಮ ಆ ಕತ್ತಿ ಮುಟ್ಟದೆ ಆರು ತಿಂಗಳು ದಾಟಿತ್ತು. ನನ್ನ ಬಾಸಿಂಗವನ್ನು ನಾನೇ ಮಾಡಿಕೊಳ್ಳುವುದೆಂದಾಯಿತು. ನಾನು ಕೋಣೆಯೊಳಗೆ ಬೆಂಡು ಹಿಡಿದು ಕೂತೆ. ಅಮ್ಮ ಹೊಸ್ತಿಲಿನ ಆಚೆ, ತನ್ನ ನೆರಳು ಒಳಗೆ ಬೀಳದ ಹಾಗೆ ಗೋಡೆಗೆ ಒತ್ತಿ ಕೂತಳು. ಅಲ್ಲಿಂದಲೇ ಹೇಳುತ್ತಿದ್ದಳು. "ಕತ್ತಿ ಮಲಗ್ಸು. ಇನ್ನೂ ಮಲಗ್ಸು. ಉಸಿರು ಬಿಡ್ತಾ ಎಳಿ." ನೋಡದೆಯೇ ಸದ್ದಿನಿಂದಲೇ ಅವಳಿಗೆ ನಾನು ಎಲ್ಲಿ ತಪ್ಪುತ್ತಿದ್ದೇನೆಂದು ಗೊತ್ತಾಗುತ್ತಿತ್ತು. ಅವಳ ಬೆರಳುಗಳು ಮಡಿಲಲ್ಲಿ ಬರಿಗಾಳಿಯನ್ನು ಸೀಳುತ್ತಿದ್ದದ್ದು ನನಗೆ ಓರೆಗಣ್ಣಿಗೆ ಕಾಣುತ್ತಿತ್ತು.

ತಡೆಯಲಾಗಲಿಲ್ಲ. ಕತ್ತಿ ಕೆಳಗಿಟ್ಟು ಹೇಳಿಬಿಟ್ಟೆ. "ಅಮ್ಮಾ, ನಂಗೆ ಜ್ವರ ಇಳಿದಿದ್ದು ಕ್ವಿನೈನ್‌ನಿಂದ. ನೀನು ಹೋಗೋದೇ ಬೇಕಿರ್ಲಿಲ್ಲ."

ಅವಳ ಬೆರಳು ನಿಂತವು.

"ಗೊತ್ತು," ಎಂದಳು. "ಪದ್ಮಾವತಮ್ಮನ ಮನೆಗೆ ಹೋಗಿ ಕಂಪೌಂಡರಿಗೆ ಹೇಳಿ ಕಳ್ಸಿ ಅಂದಿದ್ದು ನಾನೇ. ಅವ್ರಿಗೆ ಬಾಗ್ಲು ತೆಗ್ದು ಒಳಗೆ ಕೂರ್ಸಿ ಆಮೇಲೆ ಬಸ್ಸಿಗೆ ಹೋಗಿದ್ದು."

ನನಗೆ ಅರ್ಥವಾಗಲಿಲ್ಲ. "ಮತ್ತೆ ಯಾಕೆ ಹೋದೆ?" ಎಂದೆ.

"ಎರಡೂ ಮಾಡ್ದೆ ಮಗಾ. ಒಂದು ಮಾಡಿ, ಆಗತ್ತೋ ಇಲ್ವೋ ನೋಡಿ, ಆಮೇಲೆ ಇನ್ನೊಂದು ಮಾಡೋಣ ಅನ್ನೂಕೆ ನಂಗೇನು ಇಬ್ರು ಗಿರಿಜೆಯರಿದ್ರಾ?"

ನಾನು ಕೆಳಗಿಟ್ಟಿದ್ದ ಕತ್ತಿಯನ್ನು ಮತ್ತೆ ಎತ್ತಿಕೊಂಡೆ. ಗೋಡೆಯ ಆಚೆಯಿಂದ ಅವಳ ದನಿ ಬಂತು, "ಬೆಂಡು ಒಣಗ್ತಾ ಇದೆ, ಎಳಿ," ಎಂದು. ಎಳೆದೆ.